ರಾಷ್ಟ್ರೀಯ ಕಾರ್ಯಕ್ರಮ ಮತ್ತು ಕನ್ನಡದ ಹೊತ್ತು

ನಮ್ಮಲ್ಲಿ ಪುಸ್ತಕಕ್ಕೆ ವಿಮರ್ಶೆಯುಂಟು, ನಾಟಕಕ್ಕೂ ಉಂಟು, ಚಲಚ್ಚಿತ್ರವೂ ಬಹುಕಾಲದ ಉಪೇಕ್ಷೆಯ ಅನಂತರ ವಿಮರ್ಶಕರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡಿದೆ. ಟೆಲಿವಿಷನ್ನಿಗೆ ಮಾತ್ರ ನಮ್ಮ ವಿದ್ವಾಂಸರು ಇನ್ನೂ ಹೊರಜಗಲಿಯಲ್ಲಿಯೇ ಮಣೆ ಹಾಕಿದ್ದಾರೆ. ಅಪರೂಪಕ್ಕೆ ಯಾರಾದರೂ ಅದರ ಮಾತನ್ನೆತ್ತಿದರೆ, ಯಾವುದೋ ಒಂದು ಧಾರಾವಾಹಿಯ ಕಥೆಯನ್ನು ಹೊಗಳಿಯೋ ತೆಗಳಿಯೋ ಮುಗಿಸಿಬಿಡುತ್ತಾರೆ. ಆದರೆ ಟೆಲಿವಿಷನ್ನಿನಲ್ಲಿ ಓದಬೇಕಾದ ಮುಖ್ಯ ಕೃತಿ ಯಾವೊಂದು ಧಾರಾವಾಹಿಯೂ ಅಲ್ಲ, ಅದರ ವೇಳಾಪಟ್ಟಿ ಎಂಬುದು ನನ್ನ ಅಭಿಪ್ರಾಯ. ಕವಿತೆಯೊಂದು ತನ್ನ ಪುಟದಲ್ಲಿ ತಾನೇ ನಿಲ್ಲಬಲ್ಲುದು. ಟೆಲಿವಿಷನ್ನಿನ ಕಾರ್ಯಕ್ರಮವಾದರೋ ಹಿಂದೊಂದು ಮುಂದೊಂದು ಕಾರ್ಯಕ್ರಮದ ನಡುವೆ, ಮನೆಯವರು ಉಣ್ಣುವ, ಓದುವ, ಮಲಗುವ ಹೊತ್ತುಗಳ ನಡುವೆ ನಿಲ್ಲತಕ್ಕದ್ದು. ಯಾವ ಭಾಷೆ ಯಾವ ಹೊತ್ತಿನಲ್ಲಿ ಎಷ್ಟು ನಿಮಿಷ ಮಾತನಾಡಬೇಕು, ಯಾವುದು ಬಂದಾಗ ಯಾವುದು ಬಾಯಿ ಮುಚ್ಚಬೇಕು ಎಂಬುದನ್ನು ಗೊತ್ತುಮಾಡುವ ಕಾಗದವೇ ವೇಳಾಪಟ್ಟಿ. ಅದನ್ನು ಬರೆಯುವವರು ಎಲ್ಲಿ ಕುಳಿತಿದ್ದಾರೆ ಎಂಬುದು ಆ ಕಾಗದವನ್ನು ಓದುವವನು ಕೇಳಬೇಕಾದ ಮೊದಲನೆಯ ಪ್ರಶ್ನೆ.

ಪ್ರಸಾರದ ಜಾಲಕ್ಕೂ ಸ್ಥಳೀಯ ನಿಲಯಕ್ಕೂ ಇರುವ ಸಂಬಂಧ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯದಲ್ಲ. ಪಶ್ಚಿಮ ಜರ್ಮನಿಯಲ್ಲಿ 1950ರಲ್ಲಿ ಪ್ರಾಂತಗಳ ಪ್ರಸಾರ ಸಂಸ್ಥೆಗಳು ತಾವಾಗಿ ಕೂಡಿ ಒಂದು ಒಕ್ಕೂಟವನ್ನು ಕಟ್ಟಿಕೊಂಡವು. ಅದರ ಸಾಮಾನ್ಯ ಟೆಲಿವಿಷನ್ ಕಾರ್ಯಕ್ರಮಕ್ಕೆ ಹ್ಯಾಂಬರ್ಗಿನವರು, ಮ್ಯೂನಿಕ್ಕಿನವರು, ಕಲೋನಿನವರು ತಮ್ಮ ತಮ್ಮ ಪಾಲನ್ನು ತಂದು ಹಾಕುತ್ತಾರೆ. ಅಲ್ಲಿ ನಿಲಯಗಳು ಜಾಲವನ್ನು ಹಡೆದವು. ಅಮೆರಿಕೆಯಲ್ಲಿ ನಿಲಯಗಳು ಬಹುಮಟ್ಟಿಗೆ ಬೇರೆ ಬೇರೆ ಒಡೆಯರ ಸ್ವತ್ತು. ನ್ಯೂಯಾರ್ಕಿನ ದೊಡ್ಡ ಜಾಲಗಳೊಡನೆ ಅವು ಒಪ್ಪಂದ ಮಾಡಿಕೊಂಡು, ಸಂಜೆಯ ಪ್ರಶಸ್ತ ಹೊತ್ತನ್ನು ಅವಕ್ಕೆ ಬಿಟ್ಟುಕೊಡುತ್ತವೆ. ಈ ಬಿಟ್ಟುಕೊಡುವಿಕೆ ಅತಿಯಾಯಿತೆಂದು ಅಲ್ಲಿನ ಸರಕಾರಿ ಆಯೋಗವು 1970ರಲ್ಲಿ ಒಂದು ನಿಯಮವನ್ನು ಮಾಡಿ, ದೊಡ್ಡ 50 ಪೇಟೆಗಳಲ್ಲಿ ಸಂಜೆಯ ಮೂರು ಗಂಟೆಗಿಂತ ಹೆಚ್ಚು ಹೊತ್ತನ್ನು ಜಾಲಗಳು ಆಕ್ರಮಿಸಬಾರದೆಂದು ವಿಧಿಸಿತು. ಉಳಿದ ಅರ್ಧ ಗಂಟೆಯಲ್ಲಿ ಊರಿನ ಬಾಳು ಅರಳುವುದೆಂದು ನಿಯಮ ಮಾಡಿದವರು ನಂಬಿದ್ದರು. ಆದರೆ ಅಲ್ಲಿ ಅರಳಿದ್ದು, ಎಲ್ಲ ನಿಲಯಗಳೂ ಅಂಗಡಿಯಿಂದ ಕೊಂಡು ತಂದ ಒಂದೇ ಬಗೆಯ ಬಹುಮಾನದ ಆಟಗಳು. 1996ರಲ್ಲಿ ಆ ನಿಯಮ ತೀರಿಹೋಯಿತು. ಹೊತ್ತನ್ನು ಕೊಟ್ಟ ಮಾತ್ರಕ್ಕೆ ಹೇಳಲು ಮಾತು ಹುಟ್ಟಿಬಿಡುವುದಿಲ್ಲ. ಈ ಅಂಶವನ್ನು ಮುಂದೆ ಕನ್ನಡದ ವಿಚಾರದಲ್ಲಿಯೂ ನೆನೆಯಬೇಕಾಗುತ್ತದೆ.

ಭಾರತದ ಕಥೆ ಈ ಎರಡಕ್ಕೂ ಬೇರೆ. ಇಲ್ಲಿ ಜಾಲವು ನಿಲಯಗಳನ್ನು ಹಡೆಯಿತು. ಹಡೆದು ಪ್ರತಿಯೊಂದಕ್ಕೂ ‘ದೂರದರ್ಶನ ಕೇಂದ್ರ’ ಎಂದು ಹೆಸರಿಟ್ಟಿತು. ಬೆಂಗಳೂರಿನಲ್ಲೊಂದು ಕೇಂದ್ರ, ಗುಲಬರ್ಗದಲ್ಲೊಂದು ಕೇಂದ್ರ, ಮದರಾಸಿನಲ್ಲೊಂದು ಕೇಂದ್ರ. ವೃತ್ತಕ್ಕೆ ಕೇಂದ್ರ ಒಂದೇ ಎಂಬ ರೇಖಾಗಣಿತದ ಸತ್ಯವನ್ನು ಈ ಹೆಸರುಗಳು ಮರೆಸುತ್ತವೆ. ನಿಜವಾದ ಕೇಂದ್ರ ದಿಲ್ಲಿಯ ಮಂಡಿ ಹೌಸಿನ ಬಳಿ ಕಾಪರ್ನಿಕಸ್ ಮಾರ್ಗದಲ್ಲಿತ್ತು. ಭೂಮಿಯು ಲೋಕದ ಕೇಂದ್ರವಲ್ಲವೆಂದು ಸಾರಿದ ಜ್ಞಾನಿಯ ಹೆಸರಿನ ಬೀದಿಯಲ್ಲಿ ಈ ಕಚೇರಿ ನೆಲಸಿದುದು ಕೇವಲ ಆಕಸ್ಮಿಕ. ಆದರೂ ಆ ಬೀದಿಯಲ್ಲಿ ಹಾದುಹೋಗುವಾಗಲೆಲ್ಲ ನನಗೆ ನಗು ಬರುತ್ತದೆ.

ಮೊದಲಲ್ಲಿ ದಿಲ್ಲಿಯೂ ಒಂದು ಸ್ಥಳೀಯ ನಿಲಯವೇ ಆಗಿದ್ದಿತು. 1959ರ ಸೆಪ್ಟೆಂಬರ್ 15ರಂದು ಪ್ರಯೋಗಕ್ಕೆಂದು ಇಲ್ಲಿ ಪ್ರಸಾರ ಆರಂಭವಾದಾಗ ಅದು ನಗರದ ಸುತ್ತಮುತ್ತಲನ್ನು ಮಾತ್ರ ಮುಟ್ಟುತ್ತಿದ್ದಿತು. 1965ರಲ್ಲಿ ದಿನನಿತ್ಯದ ಪ್ರಸಾರವಾಯಿತು. 1967ರ ಜನವರಿ 26ರಂದು ಆರಂಭವಾದ ‘ಕೃಷಿ ದರ್ಶನ’ ದಿಲ್ಲಿಯ ನೆರೆಯ 80 ಹಳ್ಳಿಗಳ ಒಕ್ಕಲಿಗರಿಗಾಗಿ ಹುಟ್ಟಿದುದು. ಅದಕ್ಕಿಂತ ಹೆಚ್ಚು ಸ್ಥಳೀಯವಾದ ಕಾರ್ಯಕ್ರಮವನ್ನು ಊಹಿಸುವುದು ಕಷ್ಟ. ನಿಲಯವೊಂದು ತನ್ನ ನೆಲದ ಬೆಳೆಯನ್ನೂ ಮಳೆಯನ್ನೂ ಅರಿತು ಮಾತನಾಡಿದರೆ ಹೇಗಿರಬಹುದೆಂಬುದಕ್ಕೆ ಅದು ಸೊಗಸಾದ ಉದಾಹರಣೆ. ದಿಲ್ಲಿಯ ಈ ಸ್ಥಳೀಯ ದನಿಯೇ ಮುಂದೆ ಉಪಗ್ರಹವನ್ನೇರಿ ದೇಶದ ದನಿಯಾಯಿತು ಎಂಬುದು ನಮ್ಮ ಟೆಲಿವಿಷನ್ನಿನ ಚರಿತ್ರೆಯ ತಿರುಳು.

ಬಾನುಲಿಯ ನಡೆ ಹೀಗಿರಲಿಲ್ಲ. ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದುದೇ ಸ್ಥಳೀಯ ನಿಲಯವಾಗಿ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಒಂದು ಸಣ್ಣ ಯಂತ್ರವನ್ನಿಟ್ಟುಕೊಂಡು ಪ್ರಸಾರಕ್ಕೆ ತೊಡಗಿದರು. ಆ ನಿಲಯದ ಹೆಸರು ‘ಆಕಾಶವಾಣಿ’. ಎರಡು ದಶಕಗಳ ಅನಂತರ ದಿಲ್ಲಿಯ ಜಾಲವು ತನ್ನ ದೇಶೀಯ ನಾಮವಾಗಿ ಆ ಮಾತನ್ನೇ ಎತ್ತಿಕೊಂಡಿತು. ಜಾಲವು ನಿಲಯದಿಂದ ಪಡೆದುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಧಾರವಾಡಕ್ಕೆ 1950ರಲ್ಲಿ ನಿಲಯ ಬಂದಿತು. ಮುಂದೆ ಭದ್ರಾವತಿ, ಗುಲಬರ್ಗ, ಮಂಗಳೂರುಗಳಿಗೂ ಬಂದವು. ಧಾರವಾಡದ ನಿಲಯದಿಂದ ಧಾರವಾಡದ ಮಾತೂ ಹಿಂದುಸ್ತಾನಿ ಸಂಗೀತವೂ ಕೇಳಿಸಿದುವು; ಮಂಗಳೂರಿನಿಂದ ತುಳುವೂ ಕೊಂಕಣಿಯೂ ಕೇಳಿಸಿದುವು. ದಿಲ್ಲಿಯ ವಾರ್ತೆಯನ್ನು ಇವೆಲ್ಲವೂ ಹಾಯಿಸಿದುವು, ನಿಜ. ಆ ವಾರ್ತೆಯಾದರೂ ಕನ್ನಡದಲ್ಲಿದ್ದಿತು. ದೀರ್ಘಕಾಲ ದಿಲ್ಲಿಯ ಸಂಸದ್ ಮಾರ್ಗದಲ್ಲಿ ಕುಳಿತು ಕನ್ನಡಿಗರು ಕನ್ನಡ ವಾರ್ತೆಯನ್ನು ಓದಿದರು. ಅದನ್ನು ಬೀದರಿನವರೂ ಚಾಮರಾಜನಗರದವರೂ ಕೇಳಿದರು. ದಿಲ್ಲಿಯಿಂದ ಬರುವುದೆಲ್ಲ ಹಿಂದಿಯಲ್ಲಿಯೇ ಬರಬೇಕೆಂಬ ಕಟ್ಟಳೆ ಬಾನುಲಿಗೆ ಇರಲಿಲ್ಲವೆಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು.

ಟೆಲಿವಿಷನ್ನಿಗೂ ಮೊದಲಲ್ಲಿ ಆ ಕಟ್ಟಳೆಯಿರಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕೆಯ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸಲಾಯಿತು. ಆ ಹಳ್ಳಿಗಳಲ್ಲಿ ಗುಲಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದುವು. ಬೆಂಗಳೂರಿನವರು ತಮ್ಮ ಮನೆಗಳಲ್ಲಿ ಟೆಲಿವಿಷನ್ನನ್ನು ಕಾಣುವ ಮೊದಲೇ ಈ ಮೂರು ಜಿಲ್ಲೆಗಳ ಹಳ್ಳಿಗರು ಶಾಲೆಯ ಅಂಗಳದಲ್ಲಿ ಕುಳಿತು ಅದನ್ನು ಕಂಡರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು; ಕರ್ನಾಟಕದ ಟೆಲಿವಿಷನ್ನಿನ ಚರಿತ್ರೆಯನ್ನು ಬೆಂಗಳೂರಿನಿಂದ ಆರಂಭಿಸುವ ವಾಡಿಕೆಯೇ ತಪ್ಪು. ಆ ಉಪಗ್ರಹ ಒಂದು ಚಿತ್ರದೊಡನೆ ಎರಡು ದನಿಗಳನ್ನು ಸಾಗಿಸಬಲ್ಲುದಾಗಿದ್ದಿತು. ಆದುದರಿಂದ ಆಂಧ್ರದ ಹಳ್ಳಿಯವರೂ ಕರ್ನಾಟಕದ ಹಳ್ಳಿಯವರೂ ಒಂದೇ ಚಿತ್ರವನ್ನು ನೋಡುತ್ತ, ಅವರು ತೆಲುಗನ್ನೂ ಇವರು ಕನ್ನಡವನ್ನೂ ಕೇಳುವುದು ಸಾಧ್ಯವಾಯಿತು. ಈ ಕಾರ್ಯಕ್ರಮಗಳು ತಯಾರಾದುದು ಹೈದರಾಬಾದಿನಲ್ಲಿ. ರಾಯಚೂರಿನ ರೈತನ ಬಾಳನ್ನು ಅಲ್ಲಿಂದ ಎಷ್ಟು ಕಾಣಬಹುದಿತ್ತೆಂದು ಕೇಳುವುದಕ್ಕೆ ಎಡೆಯುಂಟು. ಅದೇನೇ ಇರಲಿ, ಒಂದು ಜಾಲ, ಒಂದು ಚಿತ್ರ, ಹಲವು ನುಡಿ ಎಂಬ ವ್ಯವಸ್ಥೆ ಕನಸಾಗಿರಲಿಲ್ಲ. ಒಂದು ವರ್ಷ ನಮ್ಮ ಬಡ ಜಿಲ್ಲೆಗಳಲ್ಲಿ ಅದು ನಡೆದುಹೋಗಿದ್ದಿತು. ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಗುಲಬರ್ಗದಲ್ಲಿ ನೆಲದ ಮೇಲಿನ ಪ್ರಸಾರಯಂತ್ರವೊಂದು ನಿಂತಿತು. ಕನ್ನಡ ನಾಡಿನ ಮೊದಲ ಟೆಲಿವಿಷನ್ ನಿಲಯದ ಕಥೆ ಅದು.

ಹೀಗಿರಲಾಗಿ 1982 ಬಂದಿತು. ಏಷ್ಯನ್ ಕ್ರೀಡೆಗಳು ಸಮೀಪಿಸುತ್ತಿದ್ದುವು. ಆಗಸ್ಟ್ 15ರಂದು ಬಣ್ಣವೂ ರಾಷ್ಟ್ರೀಯ ಕಾರ್ಯಕ್ರಮವೂ ಒಟ್ಟಿಗೆ ಅವತರಿಸಿದುವು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ನಿಲಯವೂ ಅದೇ ದಶಕದ ಕೂಸು. ಅಲ್ಲಿ ಬೆಳೆದ ಕ್ರಮ ಇಷ್ಟು: ಸಂಜೆಯ ಹೊತ್ತು ಕನ್ನಡಕ್ಕೆ, ರಾತ್ರಿ ಎಂಟೂವರೆ ಕಳೆಯುತ್ತಲೂ ಬೆಂಗಳೂರು ತನ್ನ ಮಾತನ್ನು ನಿಲ್ಲಿಸಿ ದಿಲ್ಲಿಗೆ ಬಾಗಿಲು ತೆರೆಯಬೇಕು, ಅಲ್ಲಿಂದ ಮಲಗುವವರೆಗೆ ಹಿಂದಿ ಮತ್ತು ಇಂಗ್ಲಿಷು. ಸಂಜೆ ಆರರಿಂದ ಎಂಟರವರೆಗೆ ಮನೆಯ ಗಂಡಸು ಕಚೇರಿಯಿಂದ ಬಂದಿರುವುದಿಲ್ಲ, ಹೆಂಗಸು ಒಲೆಯ ಮುಂದೆ, ಮಕ್ಕಳು ಪಾಠದ ಮುಂದೆ. ಎಲ್ಲರೂ ಉಂಡು ಕುಳಿತ ಹೊತ್ತು ರಾಷ್ಟ್ರದ ಹೊತ್ತು. ಕನ್ನಡವನ್ನು ಯಾರೂ ನಿಷೇಧಿಸಲಿಲ್ಲ. ಅದಕ್ಕೆ ಜಾಗವನ್ನು ತೋರಿಸಿದರು, ಅಷ್ಟೆ. ಮನೆಯಲ್ಲಿ ಅಡಿಗೆಮನೆಯ ಪಕ್ಕದ ಕೋಣೆ ಯಾರಿಗೆ, ಬೀದಿಯ ಕಡೆಯ ಪಡಸಾಲೆ ಯಾರಿಗೆ ಎಂದು ಗೊತ್ತುಮಾಡಿದಂತೆ.

ಇದನ್ನು ಆಗಲೇ ಕಂಡವರಿದ್ದರು. ಅರ್ಥಶಾಸ್ತ್ರಜ್ಞ ಪಿ. ಸಿ. ಜೋಶಿಯವರ ಅಧ್ಯಕ್ಷತೆಯಲ್ಲಿ 1982ರ ಕೊನೆಯಲ್ಲಿ ಸರಕಾರವೇ ನೇಮಿಸಿದ ಸಮಿತಿಯು ದೂರದರ್ಶನವು ದಿಲ್ಲಿಯನ್ನೇ ದೇಶವೆಂದು ಭ್ರಮಿಸುತ್ತಿದೆಯೆಂಬ ಅರ್ಥದ ಆಕ್ಷೇಪವನ್ನು ಬಲವಾಗಿಯೇ ಎತ್ತಿತು. ಸಮಿತಿಯ ವರದಿಗಳಿಗೆ ನಮ್ಮಲ್ಲಿ ಆಗುವ ಗತಿಯೇ ಅದಕ್ಕೂ ಆಯಿತು.

ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಂದುದಾದರೂ ಏನು? 1984ರ ಜುಲೈಯಲ್ಲಿ ‘ಹಮ್ ಲೋಗ್’ ಆರಂಭವಾಯಿತು. ಅದರ ಮಾದರಿ ಮೆಕ್ಸಿಕೋ ದೇಶದ್ದು. ಒಳಗಿನ ಸಂಸಾರ ಉತ್ತರ ಹಿಂದುಸ್ತಾನದ ಬಡ ಮಧ್ಯಮವರ್ಗದ್ದು. ಅದೇ ಮನೋಹರ ಶ್ಯಾಮ ಜೋಶಿಯವರು ಬರೆದ ‘ಬುನಿಯಾದ್’ ಲಾಹೋರನ್ನು ಕಳೆದುಕೊಂಡು ದಿಲ್ಲಿಗೆ ಬಂದವರ ಕಥೆ. ಎರಡೂ ಒಳ್ಳೆಯ ಕೃತಿಗಳು. ಅವುಗಳಿಗಿಂತ ಒಳ್ಳೆಯ ಸಂಸಾರಚಿತ್ರಗಳು ಅನಂತರ ಬಂದುವೆಂದು ಹೇಳಲಾರೆ. ಒಳ್ಳೆಯವಾದುದೂ ಅವು ಸ್ಥಳೀಯವಾಗಿದ್ದುದರಿಂದಲೇ. ತಮ್ಮ ಗಲ್ಲಿಯನ್ನೂ ತಮ್ಮ ಗಾಯವನ್ನೂ ಬಲ್ಲವರು ಅವನ್ನು ಬರೆದರು. ‘ಬುನಿಯಾದ್’ ದಿಲ್ಲಿಯ ಸ್ಥಳಪುರಾಣ. ದಿಲ್ಲಿಯಲ್ಲಿ ನೆಲಸಿದ ನಮ್ಮಂಥವರಿಗೆ ನೆರೆಮನೆಯ ಪಂಜಾಬಿ ಮುದುಕಿಯ ಮೌನದ ಅರ್ಥ ತಿಳಿದುದು ಆ ಧಾರಾವಾಹಿಯಿಂದ ಎಂದರೆ ಉತ್ಪ್ರೇಕ್ಷೆಯಲ್ಲ. ಅದು ಎಲ್ಲರಿಗೂ ತಲಪಿದುದು ತಪ್ಪಲ್ಲ. ಬೇರೆಯವರ ಸ್ಥಳಪುರಾಣಗಳು ಹಾಗೆ ತಲಪಲಿಲ್ಲವೆಂಬುದು ತಪ್ಪು. ಒಂದು ಊರಿನ ಸ್ಥಳೀಯಕ್ಕೆ ರಾಷ್ಟ್ರೀಯವೆಂಬ ಪಟ್ಟ ಸಂದಿತು. ಉಳಿದ ಊರುಗಳ ಸ್ಥಳೀಯ ಪ್ರಾದೇಶಿಕವೆಂಬ ಹೆಸರಿನಲ್ಲಿ ಸಂಜೆಯ ಕೋಣೆಯಲ್ಲಿ ಕುಳಿತಿತು.

ಒಂದು ಅಪವಾದವುಂಟು, ಅದು ಕನ್ನಡಿಗರ ಕೈಯದೇ ಆದುದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಶಂಕರ್ ನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನೆತ್ತಿಕೊಂಡು ‘ಮಾಲ್ಗುಡಿ ಡೇಸ್’ ಮಾಡಿದರು. 1980ರ ದಶಕದ ನಡುವೆ ಅದು ದೇಶದ ಪಡಸಾಲೆಗೆ ಬಂದಿತು. ಕಥೆಗಾರರು ಮೈಸೂರಿನವರು, ಚಿತ್ರೀಕರಣ ಆಗುಂಬೆಯಲ್ಲಿ, ಗಿರೀಶ್ ಕಾರ್ನಾಡ್, ಅನಂತ್ ನಾಗ್, ವಿಷ್ಣುವರ್ಧನ್, ಸ್ವಾಮಿಯ ಪಾತ್ರದಲ್ಲಿ ಹುಡುಗ ಮಂಜುನಾಥ್, ಹೀಗೆ ಮುಖಗಳೆಲ್ಲ ನಮ್ಮವು. ಜಗಲಿ ನಮ್ಮದು, ಮಳೆ ನಮ್ಮದು, ಶಾಲೆಗೆ ತಡವಾಗಿ ಓಡುವ ಹುಡುಗನ ದಿಗಿಲು ನಮ್ಮದು. ಆತ ಬಾಯಿ ತೆರೆದರೆ ಮಾತು ಮಾತ್ರ ಹಿಂದಿ.

ಇದಕ್ಕೆ ಸುಲಭವಾದ ಒಂದು ಸಮಾಧಾನವಿದೆ. ನಾರಾಯಣರು ಬರೆದುದು ಇಂಗ್ಲಿಷಿನಲ್ಲಿ. ಮಾಲ್ಗುಡಿಯವರು ಮೊದಲೇ ಪರಭಾಷೆಯಲ್ಲಿ ಮಾತನಾಡುತ್ತಿದ್ದರು. ಇಂಗ್ಲಿಷ್ ಸಹ್ಯವಾದರೆ ಹಿಂದಿ ಏಕೆ ಅಸಹ್ಯ? ಈ ವಾದವನ್ನು ನಾನೂ ಬಹುಕಾಲ ಒಪ್ಪಿದ್ದೆ. ಈಗ ಅದು ಸಾಲದೆಂದು ತೋರುತ್ತದೆ. ಪುಟದ ಮೇಲಿನ ಇಂಗ್ಲಿಷಿಗೆ ದನಿಯಿಲ್ಲ. ನಾರಾಯಣರ ಸರಳವಾದ ಆ ಗದ್ಯದ ಹಿಂದೆ ಮೈಸೂರಿನ ಓದುಗ ಕನ್ನಡವನ್ನು, ತಮಿಳು ಓದುಗ ತಮಿಳನ್ನು ಒಳಗಿವಿಯಿಂದ ಕೇಳಿಕೊಳ್ಳಬಲ್ಲ. ಬರೆದವರು ಅದಕ್ಕೆ ಎಡೆಯನ್ನು ಬಿಟ್ಟಿದ್ದಾರೆ. ಟೆಲಿವಿಷನ್ನಿನಲ್ಲಿ ದನಿಯೇ ಬಂದು ಆ ಎಡೆಯನ್ನು ತುಂಬಿಬಿಡುತ್ತದೆ. ಕಣ್ಣು ಆಗುಂಬೆಯಲ್ಲಿ, ಕಿವಿ ದಿಲ್ಲಿಯಲ್ಲಿ. ನಿರ್ದೇಶಕರ ಮೇಲೆ ಇದರ ಹೊರೆ ಹೊರಿಸುವುದು ನ್ಯಾಯವಲ್ಲ. ಹಿಂದಿಯಲ್ಲಿಲ್ಲದಿದ್ದರೆ ಅವರಿಗೆ ಆ ಹೊತ್ತು ದೊರೆಯುತ್ತಿರಲಿಲ್ಲ. ಆ ಹೊತ್ತು ದೊರೆಯದಿದ್ದರೆ ಆ ಕೃತಿಯೇ ಇರುತ್ತಿರಲಿಲ್ಲ. ವೇಳಾಪಟ್ಟಿ ಕೃತಿಯ ಹೊರಗಿನ ಸಂಗತಿಯಲ್ಲ, ಅದರ ನಾಲಗೆಯವರೆಗೆ ಇಳಿಯತಕ್ಕ ಸಂಗತಿ ಎಂಬುದಕ್ಕೆ ‘ಮಾಲ್ಗುಡಿ ಡೇಸ್’ ಸಾಕ್ಷಿ. ರಾಯಚೂರಿನ ಹಳ್ಳಿಗೆ 1975ರಲ್ಲಿ ಎರಡು ದನಿಗಳನ್ನು ಸಾಗಿಸಿದ ದೇಶ ಹತ್ತು ವರ್ಷಗಳ ಅನಂತರ ಆಗುಂಬೆಯ ಹುಡುಗನಿಗೆ ಎರಡನೆಯ ದನಿಯನ್ನು ಕೊಡಲಿಲ್ಲ. ಆ ದನಿ ದೊರೆತುದು 2020ರಲ್ಲಿ, ಸಾಂಕ್ರಾಮಿಕದ ಬಂಧನದ ದಿನಗಳಲ್ಲಿ, ಖಾಸಗಿ ವಾಹಿನಿಯೊಂದು ಅದನ್ನು ಕನ್ನಡಕ್ಕೆ ಧ್ವನಿಮಾಡಿ ತೋರಿಸಿದಾಗ. ಅಷ್ಟು ಹೊತ್ತಿಗೆ ಶಂಕರ್ ನಾಗ್ ತೀರಿಕೊಂಡು 30 ವರ್ಷವಾಗುತ್ತ ಬಂದಿತ್ತು.

ಆ ಕಾಲದಲ್ಲಿ ದಿಲ್ಲಿಯ ಕನ್ನಡಿಗನ ಸ್ಥಿತಿ ಇನ್ನೂ ವಿಚಿತ್ರವಾಗಿದ್ದಿತು. ಬೆಂಗಳೂರಿನವನಿಗೆ ಸಂಜೆಯ ಕೋಣೆಯಾದರೂ ಇತ್ತು; ನಮಗೆ ಅದೂ ಇರಲಿಲ್ಲ. ವಸಂತ್ ಕುಂಜಿನಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ ಮನೆಗಳಿಗೆ ಸಂಸಾರಗಳು ಬಂದು ಸೇರುತ್ತಿದ್ದ ವರ್ಷಗಳಲ್ಲಿಯೇ, 1988ರಲ್ಲಿ, ಪೀತಂಪುರದಲ್ಲಿ 235 ಮೀಟರ್ ಎತ್ತರದ ಟಿ.ವಿ. ಗೋಪುರ ನಿಂತಿತು, ನಮ್ಮ ಮಾಳಿಗೆಗಳ ಆಂಟೆನಾಗಳೆಲ್ಲ ಉತ್ತರಾಭಿಮುಖವಾಗಿ ಅದನ್ನು ನೋಡುತ್ತಿದ್ದುವು. ಆ ಗೋಪುರದಿಂದ ದಿಲ್ಲಿಯ ಸ್ಥಳೀಯವೂ ಬರುತ್ತಿದ್ದಿತು, ದಿಲ್ಲಿಯ ರಾಷ್ಟ್ರೀಯವೂ ಬರುತ್ತಿದ್ದಿತು. ಎರಡಕ್ಕೂ ನಡುವೆ ಗೆರೆ ಎಲ್ಲಿ ಎಂಬುದು ನೋಡುವವನಿಗೆ ತಿಳಿಯುತ್ತಿರಲಿಲ್ಲ. ಕನ್ನಡ ಕೇಳಬೇಕಾದರೆ ಭಾನುವಾರದ ಮಧ್ಯಾಹ್ನವನ್ನು ಕಾಯಬೇಕು. ಆಗ ಪ್ರಾದೇಶಿಕ ಭಾಷೆಯ ಒಂದು ಚಿತ್ರ ಬರುತ್ತಿದ್ದಿತು. ಭಾಷೆಗಳು ಹತ್ತಕ್ಕೂ ಮಿಕ್ಕುವಾದುದರಿಂದ ಕನ್ನಡದ ಸರದಿ ತಿಂಗಳುಗಳ ಮೇಲೆ ಬರುವುದು. ಅಂದು ಟಿ.ವಿ. ಇದ್ದ ಕನ್ನಡ ಮನೆಯಲ್ಲಿ ಚಪ್ಪಲಿ ಬಿಡಲು ಸ್ಥಳವಿರುತ್ತಿರಲಿಲ್ಲ. ಊಟ ಮುಗಿಸಿ ಬಂದವರೇ ಚಿತ್ರ ಮುಗಿಯುವ ವೇಳೆಗೆ ಇನ್ನೊಂದು ಕಾಫಿ ಕುಡಿದು, ಯಾರದೋ ಮಗಳ ಮದುವೆಯ ಮಾತಾಡಿ ಏಳುತ್ತಿದ್ದರು.

ಅಲ್ಲಿಯೂ ವೇಳಾಪಟ್ಟಿಯ ಕೈ ಕಾಣುತ್ತದೆ. ಬಹುಮಟ್ಟಿಗೆ ಆರಿಸುತ್ತಿದ್ದುದು ಪ್ರಶಸ್ತಿ ಪಡೆದ ಚಿತ್ರಗಳನ್ನು. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ಗಳು ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆದ ಕೃತಿಗಳು, ಆ ಜಾತಿಯ ಚಿತ್ರಗಳ ಘನತೆಯನ್ನು ಕುರಿತು ಎರಡು ಮಾತಿಲ್ಲ. ಆದರೆ ಹೀಗೆ ಆರಿಸಿದ್ದರಿಂದ ನಮ್ಮ ನೆರೆಯ ಬಂಗಾಳಿಗಳಿಗೂ ಪಂಜಾಬಿಗಳಿಗೂ ಕನ್ನಡ ನಾಡೆಂದರೆ ಅಗ್ರಹಾರ, ಮಡಿ, ಮಸಣ ಎಂಬ ಭಾವನೆ ಬೇರೂರಿತು. ನಗುವ ಕನ್ನಡ, ಹಾಡುವ ಕನ್ನಡ, ರಾಜಕುಮಾರರ ಕನ್ನಡ ಅವರಿಗೆ ಕಾಣಲಿಲ್ಲ. ಅದಕ್ಕಿಂತ ಹೆಚ್ಚಿನ ನಷ್ಟ ನಮ್ಮ ಮಕ್ಕಳದು. ಕನ್ನಡವು ಭಾನುವಾರದ ಮಧ್ಯಾಹ್ನ ನಿದ್ದೆ ತೂಗುವ ದೊಡ್ಡವರ ನಡುವೆ ಕುಳಿತು ಇಂಗ್ಲಿಷ್ ಅಡಿಬರಹದ ನೆರವಿನಿಂದ ತಿಳಿಯಬೇಕಾದ ಭಾಷೆ ಎಂದು ಅವರು ಕಲಿತರು.

ವೇಳಾಪಟ್ಟಿಯ ಮಾತು ಬರಿಯ ಅಭಿರುಚಿಯ ಮಾತಲ್ಲವೆಂಬುದನ್ನು 1994 ತೋರಿಸಿತು. ಆ ವರ್ಷದ ಅಕ್ಟೋಬರ್ 2ರಂದು ಬೆಂಗಳೂರಿನ ನಿಲಯದಿಂದ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭವಾಯಿತು. ಅದಕ್ಕೆ ಕೊಟ್ಟುದು ಸಂಜೆಯ ಪ್ರಶಸ್ತ ಹೊತ್ತು. ಪ್ರತಿಭಟನೆ ಎದ್ದಿತು, ಕೆಲವೇ ದಿನಗಳಲ್ಲಿ ಅದು ಗಲಭೆಯಾಯಿತು, 20ಕ್ಕೂ ಹೆಚ್ಚು ಮಂದಿ ಸತ್ತರು, ವಾರ್ತೆ ನಿಂತಿತು. ಕನ್ನಡದ ಹೊತ್ತು ಕಿರಿದಾಗಿದ್ದುದು ಸತ್ಯ. ಆದರೆ ಅದನ್ನು ಕಿರಿದುಮಾಡಿದವರು ಯಾರು? ಹನ್ನೆರಡು ವರ್ಷ ಪ್ರತಿ ರಾತ್ರಿ ಎರಡು ಗಂಟೆಗೂ ಮಿಕ್ಕಿ ಹೊತ್ತನ್ನು ಕೊಂಡುಹೋದದ್ದು ಕಾಪರ್ನಿಕಸ್ ಮಾರ್ಗ. ಅದಕ್ಕಾಗಿ ಯಾರ ಅಂಗಡಿಯೂ ಸುಡಲಿಲ್ಲ. ಉಳಿದ ತುಣುಕಿನಲ್ಲಿ ಹತ್ತು ನಿಮಿಷ ಉರ್ದುವಿಗೆ ಹೋಯಿತೆಂದಾಗ ಶಿವಾಜಿನಗರದ, ಮೈಸೂರು ರಸ್ತೆಯ ಬಡವನ ಮನೆ ಉರಿಯಿತು. ದೂರದ ಒಡೆಯನ ಮೇಲೆ ತೀರಿಸಲಾಗದ ಸಿಟ್ಟು ಪಕ್ಕದ ಮನೆಯವನ ಮೇಲೆ ತೀರಿತು. ಇದನ್ನು ಕನ್ನಡಾಭಿಮಾನವೆಂದು ಕರೆದವರ ಲೆಕ್ಕದಲ್ಲಿ ಎಲ್ಲಿಯೋ ತಪ್ಪಿದೆ. ಉರ್ದು ಮಾತನಾಡುವ ಬೆಂಗಳೂರಿನವನೂ ಆ ನಿಲಯದ ಸ್ಥಳೀಯನೇ ಎಂಬ ಸರಳವಾದ ಸಂಗತಿಯನ್ನು ಹೇಳುವುದಕ್ಕೆ ಅಂದು ನಮ್ಮ ಲೇಖಕರಲ್ಲಿ ಸಾಕಷ್ಟು ಮಂದಿ ಬಾಯಿ ತೆರೆಯಲಿಲ್ಲವೆಂಬುದು ನನ್ನ ಕೊರಗು.

1990ರ ದಶಕದಲ್ಲಿ ಆಕಾಶವೇ ಬದಲಾಯಿತು. ದೂರದರ್ಶನವು ಪ್ರಾದೇಶಿಕ ಭಾಷೆಗಳಿಗೆ ಉಪಗ್ರಹ ವಾಹಿನಿಗಳನ್ನು ತೆರೆಯಿತು. ಬೆಂಗಳೂರಿನದು ಮುಂದೆ ‘ಚಂದನ’ವೆಂಬ ಚೆಲುವಾದ ಹೆಸರನ್ನು ಪಡೆಯಿತು. 1994ರಲ್ಲಿ ‘ಉದಯ’ ಬಂದಿತು. ಆಮೇಲೆ ಒಂದರ ಬೆನ್ನಿಗೊಂದು. ಎಂಟೂವರೆಗೆ ಬಾಗಿಲು ಮುಚ್ಚುವ ಕಟ್ಟಳೆ ಮುರಿಯಿತು. ಹೊತ್ತು ದೊರೆತಾಗ ಕನ್ನಡವು ಏನು ಮಾಡಿತು ಎಂಬುದು ಈಗಿನ ಪ್ರಶ್ನೆ. ಇಲ್ಲಿ ಅಮೆರಿಕೆಯ ಆ ಅರ್ಧ ಗಂಟೆಯನ್ನು ನೆನೆಯಬೇಕು.

ಕೆಲವು ಒಳ್ಳೆಯ ಕೆಲಸಗಳಾದುವು. ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’ 1998ರಲ್ಲಿ ಚಂದನದಲ್ಲಿ ಬಂದಿತು. ಅದರ ಮಾತು ಬೆಂಗಳೂರಿನ ಮಧ್ಯಮವರ್ಗದ ಮನೆಯಿಂದ ಎತ್ತಿ ತಂದ ಮಾತು, ಅದರ ಕಷ್ಟಗಳು ಕಂತಿನ ಕೊನೆಯಲ್ಲಿ ಬಗೆಹರಿಯುವ ಕಷ್ಟಗಳಲ್ಲ. ಜಾಲವು ಬೆಲೆಯಿಲ್ಲದ್ದೆಂದು ಎಣಿಸುತ್ತಿದ್ದ ಇಳಿಮಧ್ಯಾಹ್ನದ ಹೊತ್ತಿಗೆ ಅದು ಬೆಲೆ ತಂದಿತು. ವೈದ್ಯರಾದ ನಾ. ಸೋಮೇಶ್ವರರು 2002ರಿಂದ ನಡೆಸಿದ ‘ಥಟ್ ಅಂತ ಹೇಳಿ’ ಇನ್ನೊಂದು. ಮೂರು ಮಂದಿ ಸ್ಪರ್ಧಿಗಳು, ಒಂದಿಷ್ಟು ಪ್ರಶ್ನೆ, ಸರಿಯುತ್ತರಕ್ಕೆ ಪುಸ್ತಕ. ಇಷ್ಟರಿಂದ 3,000ಕ್ಕೂ ಹೆಚ್ಚು ಕಂತುಗಳು ನಡೆದಿವೆ. ಅದರ ಹಿನ್ನೆಲೆಯ ಅಲಂಕಾರ ಬಡವಾದುದು, ವೇಗ ನಿಧಾನವಾದುದು. ಕೋಟಿ ರೂಪಾಯಿಯ ಆಮಿಷವಿಲ್ಲ. ಆದರೂ ಕನ್ನಡದಲ್ಲಿ ಜ್ಞಾನವನ್ನು ಕುರಿತು ಮಾತನಾಡಬಹುದು, ಅದೂ ಆಡುತ್ತ ನಗುತ್ತ ಮಾತನಾಡಬಹುದು ಎಂಬುದನ್ನು ಅದು ದಿನವೂ ತೋರಿಸಿಕೊಟ್ಟಿತು. ಒಂದು ಕಾಲಕ್ಕೆ ರಾಷ್ಟ್ರೀಯ ಕಾರ್ಯಕ್ರಮದ ವಶದಲ್ಲಿದ್ದ ಒಂಬತ್ತು ಗಂಟೆಯ ಮೇಲಿನ ಹೊತ್ತೇ ಅದಕ್ಕೆ ದೊರೆತುದನ್ನು ಗಮನಿಸಿದರೆ, ನಿಲಯಕ್ಕೆ ಹೊತ್ತು ದೊರೆತು ಹೇಳಲು ಮಾತೂ ಇದ್ದಾಗ ಏನಾಗುವುದೆಂಬುದು ತಿಳಿಯುತ್ತದೆ.

ಖಾಸಗಿ ವಾಹಿನಿಗಳ ಕಥೆ ಬೇರೆ. ಅವುಗಳ ಪರದೆ ಕನ್ನಡ. ಒಡೆತನ ಬಹುಮಟ್ಟಿಗೆ ಮುಂಬಯಿಯಲ್ಲಿ, ಚೆನ್ನೈಯಲ್ಲಿ. ಅಲ್ಲಿ ಹಿಂದಿಯಲ್ಲಿಯೋ ತಮಿಳಿನಲ್ಲಿಯೋ ಗೆದ್ದ ಕಥೆ ಇಲ್ಲಿ ಕನ್ನಡದ ಹೆಸರಿನಿಂದ ಮರುಹುಟ್ಟು ಪಡೆಯುತ್ತದೆ. 2012ರಲ್ಲಿ ಆರಂಭವಾಗಿ ವರ್ಷಗಟ್ಟಲೆ ನಡೆದ ‘ಪುಟ್ಟಗೌರಿ ಮದುವೆ’ಯ ಮೂಲ ರಾಜಸ್ಥಾನದ ಬಾಲ್ಯವಿವಾಹದ ಹಿಂದಿ ಕಥೆ, ‘ಬಾಲಿಕಾ ವಧು’. ‘ಮಾಲ್ಗುಡಿ ಡೇಸ್’ನಲ್ಲಿ ಕನ್ನಡದ ನೆಲಕ್ಕೆ ಹಿಂದಿಯ ನಾಲಗೆಯಿತ್ತು, ಇಲ್ಲಿ ರಾಜಸ್ಥಾನದ ನೆಲಕ್ಕೆ ಕನ್ನಡದ ನಾಲಗೆ. ಎರಡರಲ್ಲಿ ಯಾವುದು ಹೆಚ್ಚು ಕನ್ನಡವೆಂದು ಕೇಳಿದರೆ, ಭಾಷಾಭಿಮಾನಿಗಳು ಏನೆನ್ನುವರೋ ತಿಳಿಯದು, ನಾನಂತೂ ಮೊದಲನೆಯದನ್ನೇ ತೋರಿಸುವೆನು. ರಾಷ್ಟ್ರೀಯ ಕಾರ್ಯಕ್ರಮವು ತೊಲಗಲಿಲ್ಲ. ಕನ್ನಡವನ್ನು ಕಲಿತು ಮನೆಯೊಳಗೆ ಬಂದಿತು.

ಇದೇ ಹೊತ್ತಿನಲ್ಲಿ ಕನ್ನಡವು ತಾನೂ ಒಂದು ಜಾಲವಾಗಿ ತನ್ನ ನಿಲಯವನ್ನು ನುಂಗಿತೆಂಬುದು ಇನ್ನೂ ಕಹಿಯಾದ ಸಂಗತಿ. ಗುಲಬರ್ಗದ ನಿಲಯ, ಈಗ ಕಲಬುರಗಿಯದು, ದಖನಿಯ ಬಿಸಿಲಿನಲ್ಲಿ ಬೆಳೆದ ಬೇರೊಂದು ಕನ್ನಡದ ನಿಲಯ. ಬೆಂಗಳೂರಿನವರು ಹಾಸ್ಯಪಾತ್ರಕ್ಕೆ ಮಾತ್ರ ಬಳಸುವ ಕನ್ನಡ ಅಲ್ಲಿ ಗಂಭೀರವಾದ ಕನ್ನಡ. ಕರ್ನಾಟಕದ ಟೆಲಿವಿಷನ್ನಿನ ಹಿರಿಯಕ್ಕನಾದ ಅದರ ನೆಲದ ಮೇಲಿನ ಪ್ರಸಾರವನ್ನು 2021ರ ಅಕ್ಟೋಬರ್ ಕೊನೆಗೆ ನಿಲ್ಲಿಸುವುದೆಂದು ಗೊತ್ತಾಯಿತು. ದೇಶದ ಹಳೆಯ ಬಗೆಯ ಪ್ರಸಾರಯಂತ್ರಗಳನ್ನೆಲ್ಲ, ರಕ್ಷಣೆಯ ದೃಷ್ಟಿಯಿಂದ ಬೇಕಾದ ಕೆಲವನ್ನುಳಿದು, ಆರಿಸಿಬಿಡುವ ಯೋಜನೆಯ ಭಾಗ ಅದು. ನಿಲಯ ಮುಚ್ಚುತ್ತದೆಂದು ಅಲ್ಲಿನ ಜನ ಕಳವಳಪಟ್ಟಾಗ, ಮುಚ್ಚುವುದಿಲ್ಲ, ಅದು ಉಪಗ್ರಹ ವಾಹಿನಿಗಾಗಿ ಕಾರ್ಯಕ್ರಮಗಳನ್ನು ತಯಾರಿಸುತ್ತಲೇ ಇರುತ್ತದೆ ಎಂದು ಪ್ರಸಾರ ಭಾರತಿಯು ಸ್ಪಷ್ಟಪಡಿಸಿತು. ಹಳೆಯ ಯಂತ್ರವನ್ನು ನೋಡುವವರು ಉಳಿದಿಲ್ಲವೆಂಬ ಅದರ ವಾದ ಸುಳ್ಳಲ್ಲ. ಆದರೆ ತನ್ನ ಹೊತ್ತನ್ನು ತಾನೇ ಆಳುವುದು ಬೇರೆ, ಇನ್ನೊಬ್ಬರು ಆಳುವ ಹೊತ್ತಿಗೆ ಸಾಮಾನು ಒದಗಿಸುವುದು ಬೇರೆ. 1982ರಲ್ಲಿ ದಿಲ್ಲಿಗೂ ಬೆಂಗಳೂರಿಗೂ ಇದ್ದ ಸಂಬಂಧವೇ ಈಗ ಬೆಂಗಳೂರಿಗೂ ಕಲಬುರಗಿಗೂ ಇದೆ. ಅಂದು ನಾವು ದಿಲ್ಲಿಯ ಮೇಲೆ ಹೊರಿಸಿದ ಆಕ್ಷೇಪವನ್ನು ಇಂದು ಕಲಬುರಗಿಯವರು ನಮ್ಮ ಮೇಲೆ ಹೊರಿಸಿದರೆ ಕೊಡತಕ್ಕ ಉತ್ತರ ನನ್ನಲ್ಲಿಲ್ಲ. ಕಲಬುರಗಿಯದೇ ಈ ಗತಿಯಾದ ಮೇಲೆ, ಪರದೆಯ ಮೇಲೆ ತಮ್ಮದೆನ್ನುವ ನಿಲಯವನ್ನು ಕಾಣದ ಧಾರವಾಡದ, ಮಂಗಳೂರಿನ ಮಾತನ್ನು ಬೇರೆ ಹೇಳಬೇಕಾಗಿಲ್ಲ.

ವಸಂತ್ ಕುಂಜಿನ ಮಾಳಿಗೆಗಳಲ್ಲಿ ಈಗ ಆಂಟೆನಾಗಳ ಬದಲು ಡಿಶ್ಶುಗಳಿವೆ. ಅವು ಪೀತಂಪುರದ ಕಡೆಗೆ ತಿರುಗಿಲ್ಲ. ಒಂದು ಗುಂಡಿಯನ್ನೊತ್ತಿದರೆ ಕನ್ನಡದ ಹಲವು ವಾಹಿನಿಗಳು ದಿನದ 24 ಗಂಟೆಯೂ ದೊರೆಯುತ್ತವೆ. ಚಂದನವಂತೂ ದೂರದರ್ಶನದ ಉಚಿತ ಡಿಶ್ ಸೇವೆಯಲ್ಲಿಯೇ ದೊರೆಯುತ್ತದೆ. ಬೆಂಗಳೂರಿನ ಮಳೆಯಿಂದ ರಸ್ತೆ ಕಟ್ಟಿಕೊಂಡುದು ನಮಗೆ ಕ್ಷಣದಲ್ಲಿ ತಿಳಿಯುತ್ತದೆ. ಆದರೆ ದಿಲ್ಲಿಯ ಕನ್ನಡಿಗನ ಬಾಳು ಯಾವ ವಾಹಿನಿಯ ಯಾವ ಹೊತ್ತಿನಲ್ಲಿಯೂ ಇಲ್ಲ. ಇಲ್ಲಿ ಹುಟ್ಟಿ, ಶಾಲೆಯಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು, ಅಜ್ಜಿಯೊಡನೆ ಮಾತ್ರ ಕನ್ನಡ ಆಡುವ ಹುಡುಗಿಯ ಕನ್ನಡಕ್ಕೆ ನಿಲಯವಿಲ್ಲ. ರಾವ್ ತುಲಾರಾಂ ಮಾರ್ಗದ ಕರ್ನಾಟಕ ಸಂಘದ ರಂಗದ ಮೇಲೆ ವರ್ಷಕ್ಕೆ ಕೆಲವು ಸಂಜೆ ಅಂಥ ಮಕ್ಕಳು ತಪ್ಪುತಪ್ಪಾಗಿ, ಆದರೆ ತಮ್ಮದೇ ಆದ ಒಂದು ಕನ್ನಡವನ್ನು ನುಡಿಯುತ್ತಾರಲ್ಲ, ಅದೇ ನಮ್ಮ ಸ್ಥಳೀಯ ಕಾರ್ಯಕ್ರಮ.

ವೇಳಾಪಟ್ಟಿಯ ಕಾಲವೇ ಮುಗಿಯಿತು, ಈಗ ಬೇಕಾದುದನ್ನು ಬೇಕಾದಾಗ ಕೈಯೊಳಗಿನ ಫೋನಿನಲ್ಲಿ ನೋಡಬಹುದು, ಈ ಚರ್ಚೆ ಏತಕ್ಕೆ ಎಂದು ತರುಣ ಮಿತ್ರರು ಕೇಳುವುದುಂಟು. ಹೊತ್ತಿನ ಬಂಧನ ಸಡಿಲವಾದುದು ನಿಜ. ಆದರೆ ಫೋನನ್ನು ತೆರೆದಾಗ ಮೊದಲ ಸಾಲಿನಲ್ಲಿ ಯಾವ ಭಾಷೆಯ ಚಿತ್ರಗಳು ನಿಲ್ಲುತ್ತವೆ, ಎಷ್ಟು ಸಾಲು ಕೆಳಗಿಳಿದರೆ ಕನ್ನಡ ಸಿಕ್ಕುತ್ತದೆ ಎಂದು ಅವರೇ ಒಮ್ಮೆ ಎಣಿಸಿ ನೋಡಲಿ. ಅಂದು ಗಂಟೆಗಳಲ್ಲಿದ್ದ ಮೇಲು ಕೀಳು ಇಂದು ಸಾಲುಗಳಲ್ಲಿದೆ. ಆ ಪಟ್ಟಿಯನ್ನು ಬರೆಯುವವರು ಇನ್ನೂ ದೂರದಲ್ಲಿದ್ದಾರೆ.

ಈ ವಿಷಯವನ್ನು ಸರಿಯಾಗಿ ಶೋಧಿಸಬೇಕಾದರೆ ಬೇಕಾದುದು ಹಳೆಯ ಪಟ್ಟಿಗಳು. ‘ಪ್ರಜಾವಾಣಿ’, ‘ಕನ್ನಡಪ್ರಭ’ಗಳು ಅಂದಂದಿನ ಟಿ.ವಿ. ಕಾರ್ಯಕ್ರಮಗಳನ್ನು ಒಳಪುಟದ ಮೂಲೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಅಚ್ಚುಮಾಡುತ್ತಿದ್ದುವು. ಯಾರೂ ಕತ್ತರಿಸಿ ಇಡದ ಭಾಗ ಅದು. ಊರಿನಿಂದ ಉಪ್ಪಿನಕಾಯಿಯ ಜಾಡಿಗೆ ಸುತ್ತಿ ತಂದ ಪತ್ರಿಕೆಯ ಹಾಳೆಗಳಲ್ಲಿ ನನಗೆ ಮೂರು ಪಟ್ಟಿಗಳು ದೊರೆತಿವೆ. ಅವುಗಳಲ್ಲಿ ಎರಡರ ತಾರೀಖು ಎಣ್ಣೆಯಲ್ಲಿ ಮಾಸಿದೆ. 1982ರಿಂದ 1994ರವರೆಗಿನ ಇಂಥ ಹಾಳೆಗಳು ಸದಸ್ಯರಲ್ಲಿ ಯಾರ ಅಟ್ಟದಲ್ಲಾದರೂ ಇದ್ದರೆ, ರದ್ದಿಯವನಿಗೆ ಕೊಡುವ ಮುನ್ನ ಸಂಘದ ಗ್ರಂಥಾಲಯಕ್ಕೆ ತಲಪಿಸಬೇಕೆಂದು ಕೋರುತ್ತೇನೆ.